ಕಲಬುರಗಿಯಿಂದ ನೇಪರ್‌ವಿಲ್ಲಿಗೆ ಬರುವವರಿಗೆ: ಇಲ್ಲಿನ ಬೇಸಿಗೆಯ ಬಗ್ಗೆ

ನಮಸ್ಕಾರ.

ನೇಪರ್‌ವಿಲ್ಲಿನಲ್ಲಿ ಕೆಲಸ ಸಿಕ್ಕಿದೆ, ಜೂನ್ ಮೊದಲ ವಾರ ಹೆಂಡತಿ ಮತ್ತು ಮಗುವಿನೊಡನೆ ಕಲಬುರಗಿಯಿಂದ ಹೊರಡುತ್ತಿದ್ದೇನೆ, ಜುಲೈನಲ್ಲಿ ತಂದೆ-ತಾಯಿಯನ್ನೂ ಕರೆಸಿಕೊಳ್ಳುವ ಆಲೋಚನೆಯಿದೆ ಎಂದು ಬರೆದಿದ್ದೀರಿ. ನಲವತ್ತನಾಲ್ಕು ಡಿಗ್ರಿ ಬಿಸಿಲು ಕಂಡವರಿಗೆ ಅಲ್ಲಿನ ಮೂವತ್ತೆರಡು ಡಿಗ್ರಿ ಏನು ಮಹಾ ಎಂಬುದು ನಿಮ್ಮ ಮಾತು. ಮನೆಯವರಿಗೆ ಮಾತ್ರ ಸುಂಟರಗಾಳಿಯದೇ ಭಯ, ನೆಲಮಾಳಿಗೆ ಇಲ್ಲದ ಅಪಾರ್ಟ್‌ಮೆಂಟ್ ಬೇಡವೇ ಬೇಡ ಎನ್ನುತ್ತಿದ್ದಾರೆ ಎಂದೂ ತಿಳಿಸಿದ್ದೀರಿ. ಶಿಕಾಗೋ ನಗರದ ಪಶ್ಚಿಮಕ್ಕಿರುವ ಈ ಊರುಗಳಲ್ಲಿ ಬಹಳ ಕಾಲದಿಂದ ಸಂಸಾರ ನಡೆಸಿಕೊಂಡು ಬಂದಿರುವ ನನ್ನ ಅಭಿಪ್ರಾಯ ನಿಮ್ಮಿಬ್ಬರದಕ್ಕೂ ತಿರುವುಮುರುವಾಗಿದೆ: ಸುಂಟರಗಾಳಿಗೆ ನಿಮ್ಮ ಮನೆಯವರಷ್ಟು ಹೆದರಬೇಕಾಗಿಲ್ಲ, ಸೆಕೆಯನ್ನು ನಿಮ್ಮಷ್ಟು ಹಗುರವಾಗಿ ಎಣಿಸುವಂತೆಯೂ ಇಲ್ಲ.

ಮೊದಲು ಸೆಕೆಯ ವಿಷಯ. ಜುಲೈ ತಿಂಗಳಲ್ಲಿ ಇಲ್ಲಿನ ಸರಾಸರಿ ಗರಿಷ್ಠ ತಾಪಮಾನ 29 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ, ಹೆಚ್ಚಿನ ದಿನಗಳು ಹಿತವಾಗಿಯೇ ಕಳೆಯುತ್ತವೆ. ತೊಂದರೆಯಿರುವುದು ಬೇಸಿಗೆಯಲ್ಲಿ ಕೆಲವು ಸಲ, ಮೂರು-ನಾಲ್ಕು ದಿನಗಳ ಗುಂಪಾಗಿ ಬರುವ ಧಗೆಯಲ್ಲಿ. ಕಲಬುರಗಿಯ ಮೇ ತಿಂಗಳ ಬಿಸಿಲು ಒಣ ಬಿಸಿಲು. ಬೆವರು ಮೈಮೇಲೆ ನಿಲ್ಲದೆ ಆರುತ್ತದೆ, ಆರುವಾಗ ಮೈಯನ್ನು ತಣಿಸುತ್ತದೆ. ಇಲ್ಲಿ ದಕ್ಷಿಣದಲ್ಲಿರುವ ಮೆಕ್ಸಿಕೋ ಕೊಲ್ಲಿಯಿಂದ ಹೊರಟ ತೇವದ ಗಾಳಿಗೆ ದಾರಿಯಲ್ಲಿ ನಮ್ಮ ಪಶ್ಚಿಮಘಟ್ಟದಂಥ ತಡೆ ಯಾವುದೂ ಇಲ್ಲ, ಅದು ನೇರವಾಗಿ ಇಲ್ಲಿನವರೆಗೆ ಬರುತ್ತದೆ. ಬಂದ ತೇವ ಸಾಲದೆಂಬಂತೆ ಇಲಿನಾಯ್ ಮತ್ತು ಅಯೋವಾ ರಾಜ್ಯಗಳ ಮೆಕ್ಕೆಜೋಳದ ಹೊಲಗಳು ತಮ್ಮ ಪಾಲನ್ನು ಸೇರಿಸುತ್ತವೆ: ಬೆಳೆದುನಿಂತ ಒಂದು ಎಕರೆ ಜೋಳ ದಿನಕ್ಕೆ ಹನ್ನೊಂದರಿಂದ ಹದಿನೈದು ಸಾವಿರ ಲೀಟರ್ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಟೀವಿಯ ಹವಾಮಾನದವರು ಇದನ್ನು ಜೋಳದ ಬೆವರು ಎನ್ನುತ್ತಾರೆ. ಕುಂದಾಪುರದ ಕಡೆಯವನಾದ ನನಗೆ ಇದು ಹೊಸದೇನಲ್ಲ, ಮಳೆ ಹಿಡಿಯುವ ಮುಂಚಿನ ನಮ್ಮ ಕರಾವಳಿಯ ಸೆಕೆಯೇ ಇದು. ಬಯಲುಸೀಮೆಯಿಂದ ಬಂದವರು ಮಾತ್ರ ಥರ್ಮಾಮೀಟರ್ ನೋಡಿ ಮೋಸಹೋಗುತ್ತಾರೆ. ಆದ್ದರಿಂದ ಫೋನಿನಲ್ಲಿ ತಾಪಮಾನಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ತೋರಿಸುವ ಡ್ಯೂ ಪಾಯಿಂಟ್ ಎಂಬ ಅಂಕಿಯನ್ನು ನೋಡುವ ರೂಢಿ ಮಾಡಿಕೊಳ್ಳಿ. ಅದು 70 ಫ್ಯಾರನ್‌ಹೀಟ್ (21 ಡಿಗ್ರಿ ಸೆಲ್ಸಿಯಸ್) ದಾಟಿದರೆ ಮೈ ಅಂಟಂಟು, 75 (24 ಡಿಗ್ರಿ) ದಾಟಿದರೆ ಹೊರಗಿನ ಕೆಲಸವನ್ನು ಬೆಳಗಿನ ಹೊತ್ತಿಗೇ ಮುಗಿಸಿಕೊಳ್ಳುವುದು ಒಳ್ಳೆಯದು. ಮಿಶಿಗನ್ ಸರೋವರದ ತಂಗಾಳಿಯ ಬಗ್ಗೆ ಕೇಳಿರಬಹುದು. ಅದು ದಡದ ಬಡಾವಣೆಗಳಿಗೆ ಸಿಗುವ ಭಾಗ್ಯ. ಸುಮಾರು 45 ಕಿಲೋಮೀಟರ್ ಒಳಗಿರುವ ನಮಗೆ ಅದರ ಉಪಕಾರ ಅಷ್ಟಕ್ಕಷ್ಟೆ.

ಈ ಸೆಕೆ ಏನು ಮಾಡಬಲ್ಲದು ಎಂಬುದಕ್ಕೆ 1995ರ ಜುಲೈ ತಿಂಗಳನ್ನು ಇಲ್ಲಿನ ಹಳಬರು ಇನ್ನೂ ನೆನೆಯುತ್ತಾರೆ. ಜುಲೈ 13ರಂದು ಶಿಕಾಗೋದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ದಾಖಲಾಯಿತು. ನಿಮ್ಮೂರಿನ ಲೆಕ್ಕದಲ್ಲಿ ಅದು ಸಾಧಾರಣ ದಿನವೇ ಸರಿ. ಆದರೆ ಗಾಳಿಯ ತುಂಬ ತೇವವಿತ್ತು, ರಾತ್ರಿಯೂ ತಂಪಾಗಲಿಲ್ಲ, ಇಟ್ಟಿಗೆಯ ಕಟ್ಟಡಗಳು ಹಗಲಿನ ಬಿಸಿಯನ್ನು ಒಳಗೇ ಹಿಡಿದುಕೊಂಡವು, ಅಲ್ಲಲ್ಲಿ ವಿದ್ಯುತ್ತೂ ಕೈಕೊಟ್ಟಿತು. ಆ ವಾರ ನಗರದಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರೆಂದು ಆಮೇಲೆ ಲೆಕ್ಕ ಹಾಕಿದರು. ಶವಾಗಾರದಲ್ಲಿ ಜಾಗ ಸಾಲದೆ ಶೈತ್ಯಾಗಾರದ ಲಾರಿಗಳನ್ನು ತರಿಸಿ ನಿಲ್ಲಿಸಬೇಕಾಯಿತು. ಸತ್ತವರಲ್ಲಿ ಬಹುಪಾಲು ವಯಸ್ಸಾದವರು, ಒಂಟಿಯಾಗಿದ್ದವರು, ಕಳ್ಳಕಾಕರ ಭಯಕ್ಕೆ ಕಿಟಕಿ ಬಾಗಿಲು ಭದ್ರಪಡಿಸಿಕೊಂಡು ಒಳಗೇ ಉಳಿದ ಬಡವರು. ಅಕ್ಕಪಕ್ಕದ ಎರಡು ಬಡಾವಣೆಗಳು, ನಾರ್ತ್ ಲಾಂಡೇಲ್ ಮತ್ತು ಸೌತ್ ಲಾಂಡೇಲ್, ಎರಡರಲ್ಲೂ ಬಡತನವಿದ್ದರೂ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎಷ್ಟೋ ಪಟ್ಟು ಹೆಚ್ಚಿತ್ತು. ಅಂಗಡಿ, ಜನಸಂಚಾರ, ನೆಂಟರಿಷ್ಟರ ಓಡಾಟ ಇದ್ದ ಎರಡನೆಯ ಬಡಾವಣೆಯಲ್ಲಿ ಮುದುಕರು ಮನೆಯಿಂದ ಹೊರಬಂದರು, ಬಾರದವರನ್ನು ಯಾರಾದರೂ ಹೋಗಿ ವಿಚಾರಿಸಿದರು ಎಂಬುದೇ ಅದಕ್ಕೆ ಕೊಟ್ಟ ಕಾರಣ. ಅನಂತರ ನಗರದವರು ಒಂಟಿ ವೃದ್ಧರನ್ನು ಫೋನಿನಲ್ಲಿ, ಮನೆಬಾಗಿಲಲ್ಲಿ ವಿಚಾರಿಸುವ, ತಂಪಿನ ಕೇಂದ್ರಗಳನ್ನು ತೆರೆಯುವ ವ್ಯವಸ್ಥೆ ಮಾಡಿದರು. 1999ರಲ್ಲಿ ಮತ್ತೆ ಧಗೆ ಬಂದಾಗ ಸಾವುಗಳು ಬಹಳ ಕಡಿಮೆಯಾದವು.

ನಿಮ್ಮ ತಂದೆ-ತಾಯಿಯ ಸಲುವಾಗಿ ಇದನ್ನು ಹೇಳಬೇಕಾಯಿತು. ನಮ್ಮ ಹಿರಿಯರ ಪೈಕಿ ಎಷ್ಟೋ ಮಂದಿ, ಏಸಿ ಗಾಳಿಗೆ ಕೈಕಾಲು ಹಿಡಿಯುತ್ತದೆ ಎಂದು, ಮಕ್ಕಳು ಆಫೀಸಿಗೆ ಹೋದ ಕೂಡಲೆ ಅದನ್ನು ಆರಿಸಿ ಕೂರುತ್ತಾರೆ. ಊರಿನಲ್ಲಿ ಕಿಟಕಿ ತೆರೆದು ಫ್ಯಾನ್ ಹಾಕಿದರೆ ನಡೆಯುತ್ತದೆ. ಇಲ್ಲಿನ ಬಾಡಿಗೆ ಮನೆಗಳಲ್ಲಿ ಮೇಲ್ಛಾವಣಿಯ ಫ್ಯಾನ್ ಇರುವುದೇ ಅಪರೂಪ, ಮರದ ಚೌಕಟ್ಟಿನ ಮನೆಯ ಮೇಲಂತಸ್ತಿನ ಕೋಣೆ ಮಧ್ಯಾಹ್ನದ ಹೊತ್ತಿಗೆ ಕಾದು ಕೂರುತ್ತದೆ, ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಗೆ. ಏಸಿಯನ್ನು 78 ಫ್ಯಾರನ್‌ಹೀಟಿಗೆ (ಸುಮಾರು 26 ಡಿಗ್ರಿ ಸೆಲ್ಸಿಯಸ್) ಇಟ್ಟು, ಅದನ್ನು ಮುಟ್ಟಬೇಡಿ ಎಂದು ಹೇಳಿ ಹೋಗಿ. ನಡುವೆ ಒಂದು ಸಲ ಫೋನ್ ಮಾಡಿ. ಕರೆಂಟ್ ಹೋದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏನೂ ಕೇಳುವುದಿಲ್ಲ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗುವುದಿದ್ದರೆ ಅಂಥ ದಿನಗಳಲ್ಲಿ ಬೆಳಗಿನ ಹೊತ್ತು ಲೇಸು.

ಇನ್ನು ಗಾಳಿಯ ವಿಷಯ. ಕೊಲ್ಲಿಯ ತೇವದ ಗಾಳಿಗೆ ಕೆನಡಾದ ಕಡೆಯ ತಣ್ಣನೆಯ ಒಣಗಾಳಿ ಎದುರಾದಾಗ ಗುಡುಗಿನ ಮೋಡಗಳು ಏಳುತ್ತವೆ; ನೆಲದ ಹತ್ತಿರ ಒಂದು ದಿಕ್ಕಿನ ಗಾಳಿ, ಮೇಲೆ ಇನ್ನೊಂದು ದಿಕ್ಕಿನ ವೇಗದ ಗಾಳಿ ಇದ್ದರೆ ಮೋಡವೇ ಸುತ್ತತೊಡಗುತ್ತದೆ. ಇವುಗಳಲ್ಲಿ ಕೆಲವೇ ಕೆಲವು ಸುಂಟರಗಾಳಿಯನ್ನು ಕೆಳಗಿಳಿಸುತ್ತವೆ. ಅವನ್ನು ಹಾನಿಯ ಗುರುತಿನಿಂದ ಸೊನ್ನೆಯಿಂದ ಐದರವರೆಗೆ ಅಳೆಯುವ ಎಫ್ ಮಾಪನವನ್ನು 1971ರಲ್ಲಿ ರೂಪಿಸಿದವರು ಟೆಟ್ಸುಯಾ ಫುಜಿತಾ. ಜಪಾನಿನಿಂದ ಬಂದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ವಿಜ್ಞಾನಿ ಅವರು, ನಮ್ಮ ಹಾಗೆ ಹೊರಗಿನಿಂದ ಬಂದವರೇ.

ಇಲ್ಲಿನ ಸುಂಟರಗಾಳಿಗಳ ಚರಿತ್ರೆಯನ್ನು ನಾನು ಗಾಳಿಯ ಚರಿತ್ರೆ ಎನ್ನುವುದಕ್ಕಿಂತ ಮುನ್ಸೂಚನೆಯ ಚರಿತ್ರೆ ಎಂದೇ ಓದುತ್ತೇನೆ. 1925ರ ಮಾರ್ಚ್ 18ರಂದು ಮಿಸ್ಸೌರಿಯಲ್ಲಿ ಹುಟ್ಟಿ ದಕ್ಷಿಣ ಇಲಿನಾಯ್ ದಾಟಿ ಇಂಡಿಯಾನಾ ತಲುಪಿದ ಸುಂಟರಗಾಳಿ 695 ಜನರನ್ನು ಕೊಂದಿತು. ಆಗ ಸರ್ಕಾರಿ ಹವಾಮಾನ ಇಲಾಖೆಯ ಮುನ್ಸೂಚನೆಗಳಲ್ಲಿ, ಜನ ಗಾಬರಿಗೊಂಡಾರೆಂದು, ಟೊರ್ನೇಡೊ (ಸುಂಟರಗಾಳಿ) ಎಂಬ ಮಾತನ್ನೇ ಬಳಸುತ್ತಿರಲಿಲ್ಲ. ನಮ್ಮ ನೆರೆಯ ಪ್ಲೇನ್‌ಫೀಲ್ಡಿನ ಕಥೆ ಇನ್ನೂ ಹತ್ತಿರದ್ದು. 1990ರ ಆಗಸ್ಟ್ 28ರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ವಾಯವ್ಯದಿಂದ ಬಂದ ಎಫ್5 ಸುಂಟರಗಾಳಿ ಆ ಊರಿನ ಹೈಸ್ಕೂಲನ್ನು ಕೆಡವಿತು, 29 ಮಂದಿ ಸತ್ತರು. ಅದು ದಟ್ಟ ಮಳೆಯೊಳಗೆ ಮರೆಯಾಗಿ ಬಂದದ್ದರಿಂದ ಜನರಿಗೆ ಕಪ್ಪು ಮಳೆಯ ಗೋಡೆ ಕಂಡಿತೇ ಹೊರತು ಸೊಂಡಿಲಿನ ಆಕಾರ ಕಾಣಲಿಲ್ಲ. ಸೈರನ್ ಮೊದಲೇ ಕೂಗಲಿಲ್ಲ, ಟೊರ್ನೇಡೊ ವಾರ್ನಿಂಗ್ ಹೊರಬಿದ್ದದ್ದು ಎಲ್ಲ ಮುಗಿದ ಮೇಲೆ. ಇದರ ಬಗ್ಗೆ ಬಹಳ ಟೀಕೆ ನಡೆಯಿತು. ಆಮೇಲೆ ಮೋಡದೊಳಗಿನ ಗಾಳಿಯ ಸುತ್ತಾಟವನ್ನು ತೋರಿಸುವ ಹೊಸ ಡಾಪ್ಲರ್ ರೇಡಾರ್ ಬಂತು, ಹವಾಮಾನ ಕಚೇರಿ ಇಲ್ಲೇ ಹತ್ತಿರದ ರೋಮಿಯೊವಿಲ್ಲಿಗೆ ಬಂದು ಕೂತಿತು. 2021ರ ಜೂನ್ 20ರಂದು ರಾತ್ರಿ ಹನ್ನೊಂದರ ಹೊತ್ತಿಗೆ, ಊರೆಲ್ಲ ಮಲಗುವ ಸಮಯದಲ್ಲಿ, ನೀವು ಬರಲಿರುವ ನೇಪರ್‌ವಿಲ್ ಮತ್ತು ಪಕ್ಕದ ವುಡ್‌ರಿಡ್ಜ್ ಮೇಲೆ ಇಎಫ್3 ಸುಂಟರಗಾಳಿ (ಇಎಫ್ ಎಂದರೆ ಈಗ ಬಳಸುವ ಪರಿಷ್ಕೃತ ಎಫ್ ಮಾಪನ) ಹಾದುಹೋಯಿತು. ಅನೇಕ ಮನೆಗಳು ಹಾಳಾದವು. ಗಾಳಿಯ ಬಲ ಪ್ಲೇನ್‌ಫೀಲ್ಡಿನಷ್ಟು ಇರಲಿಲ್ಲ ಎಂಬುದು ನಿಜ, ಆದರೂ ಜನರ ಫೋನುಗಳು ಮೊದಲೇ ಕಿರುಚಿಕೊಂಡಿದ್ದರಿಂದ ಎಷ್ಟೋ ಕುಟುಂಬಗಳು ಅಷ್ಟರಲ್ಲಿ ನೆಲಮಾಳಿಗೆ ಸೇರಿದ್ದವು.

ಹೀಗಾಗಿ ಬಂದ ದಿನವೇ ಫೋನಿನಲ್ಲಿ ತುರ್ತು ಸೂಚನೆಗಳು ಚಾಲ್ತಿಯಲ್ಲಿವೆಯೇ ನೋಡಿ, ರಾತ್ರಿ ಫೋನನ್ನು ಮೌನಕ್ಕೆ ಹಾಕುವ ಅಭ್ಯಾಸವಿದ್ದರೂ ಅವು ಕೇಳುವಂತೆ ಇಟ್ಟುಕೊಳ್ಳಿ. ಊರಿನ ಸೈರನ್ ಹೊರಗಿರುವವರಿಗಾಗಿ ಇಟ್ಟದ್ದು; ಏಸಿ ಹಾಕಿದ ಮುಚ್ಚಿದ ಮನೆಯಲ್ಲಿ ಅದು ಕೇಳಿಸದೆ ಹೋಗಬಹುದು. ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಅದನ್ನು ಪರೀಕ್ಷಿಸುತ್ತಾರೆ, ಮನೆಯಲ್ಲಿರುವವರಿಗೆ ಮುಂಚೆಯೇ ಹೇಳಿಡಿ. ವಾಚ್, ಅಂದರೆ ಸುಂಟರಗಾಳಿ ಏಳುವ ಸಂಭವವಿದೆ, ಎಂದು ಬಂದರೆ ಮುಂದಿನ ಕೆಲವು ಗಂಟೆ ಆಕಾಶದ ಮೇಲೆ ಕಣ್ಣಿಟ್ಟು ದೈನಂದಿನ ಕೆಲಸ ಮಾಡಿಕೊಂಡಿರಬಹುದು. ವಾರ್ನಿಂಗ್, ಅಂದರೆ ಅದು ಕಣ್ಣಿಗೋ ರೇಡಾರಿಗೋ ಕಂಡಿದೆ, ಎಂದು ಬಂದರೆ ಒಲೆ ಆರಿಸಿ ಇಳಿಯುವುದು, ಬಾಲ್ಕನಿಗೆ ಹೋಗಿ ವಿಡಿಯೋ ತೆಗೆಯುವುದಲ್ಲ. ಕೆಳಗಿಳಿಯುವಾಗ ಎಲ್ಲರೂ ಶೂ ಹಾಕಿಕೊಳ್ಳಿ. ಮನೆಯೊಳಗೆ ಬರಿಗಾಲಿನಲ್ಲಿರುವ ನಮ್ಮ ಪದ್ಧತಿ ಒಡೆದ ಗಾಜಿನ ಮೇಲೆ ಒದಗುವುದಿಲ್ಲ.

ಸುಂಟರಗಾಳಿ ನಿಮ್ಮ ಬೀದಿಗೇ ಬರುವ ಸಂಭವ ತೀರಾ ಕಡಿಮೆ. ಬೇಸಿಗೆಯಲ್ಲಿ ನಿಜವಾಗಿ ಎದುರಾಗುವುದು ನೇರವಾಗಿ ಬೀಸುವ ಗಾಳಿ, ಆಲಿಕಲ್ಲು ಮತ್ತು ಸುರಿಮಳೆ. 2020ರ ಆಗಸ್ಟ್ 10ರಂದು ಡೆರೇಚೊ ಎಂಬ ಬಗೆಯ ಗಾಳಿಯ ಸಾಲು ಅಯೋವಾದ ಜೋಳದ ಹೊಲಗಳನ್ನು ಮೈಲುಗಟ್ಟಲೆ ಮಲಗಿಸಿ, ಸೀಡರ್ ರಾಪಿಡ್ಸ್ ನಗರವನ್ನು ಜರ್ಜರಿತಗೊಳಿಸಿ, ಅದೇ ಮಧ್ಯಾಹ್ನ ಶಿಕಾಗೋ ತಲುಪಿತ್ತು. ಇಂಥದರಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ನೆಲಮಾಳಿಗೆಯ ಮೂಲೆಯ ಗುಂಡಿಯಲ್ಲಿ ಕೂತು ನೆಲದಡಿಯ ನೀರನ್ನು ಹೊರಗೆ ತಳ್ಳುವ ಸಂಪ್ ಪಂಪು ನಿಲ್ಲುತ್ತದೆ, ಮಳೆ ಮುಂದುವರಿದರೆ ಗುಂಡಿ ತುಂಬಿ ಕಾರ್ಪೆಟ್ ತೊಯ್ಯುತ್ತದೆ. ನೆಲಮಾಳಿಗೆ ಇರುವ ಮನೆಯನ್ನೇ ಹಿಡಿಯುವುದಾದರೆ ಆ ಪಂಪಿಗೆ ಬ್ಯಾಟರಿ ಇದೆಯೇ ಎಂದು ಮಾಲೀಕರನ್ನು ಕೇಳಿ. ಸೂಟ್‌ಕೇಸುಗಳನ್ನು ಹೇಗೂ ನೆಲದ ಮೇಲಿಡಬೇಡಿ. ಕಾರು ಕೊಂಡಾಗ ವಿಮೆಯಲ್ಲಿ ಕಾಂಪ್ರಿಹೆನ್ಸಿವ್ ಭಾಗ ಸೇರಿಸಿಕೊಳ್ಳಿ, ಆಲಿಕಲ್ಲಿನ ಹಾನಿಗೆ ಹಣ ಬರುವುದು ಅದರಿಂದ ಮಾತ್ರ.

ಅಪಾರ್ಟ್‌ಮೆಂಟ್ ಹಿಡಿಯಲು ಹಿಂಜರಿಯಬೇಕಾಗಿಲ್ಲ. ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಗಿನ ಸ್ನಾನದಮನೆಯೋ ನಡುವಿನ ಓಣಿಯೋ ಇದ್ದರೆ ಸಾಕು. ಮೂರನೆಯ ಅಂತಸ್ತು ಸಿಕ್ಕರೆ ಕೆಳಗಿನ ಯಾವ ಜಾಗಕ್ಕೆ ಬರಬೇಕೆಂದು ಸಹಿ ಹಾಕುವ ಮುಂಚೆಯೇ ಕಚೇರಿಯವರನ್ನು ಕೇಳಿಟ್ಟುಕೊಳ್ಳಿ. ತಂದೆ-ತಾಯಿಯ ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕರೆಸಿಕೊಳ್ಳಿ. ಆಗ ಜೋಳ ಒಣಗುತ್ತಾ ಬಂದಿರುತ್ತದೆ, ಗಾಳಿಯೂ ಹಗುರವಾಗುತ್ತದೆ, ಚಳಿ ಶುರುವಾಗುವ ಮೊದಲು ಅವರಿಗೆ ಎರಡು ತಿಂಗಳ ಒಳ್ಳೆಯ ಹವೆ ಸಿಗುತ್ತದೆ. ಜುಲೈನಲ್ಲೇ ಬರುವುದು ಅನಿವಾರ್ಯವಾದರೆ ಸೆಂಟ್ರಲ್ ಏಸಿ ಇರುವ ಮನೆಯನ್ನೇ ನೋಡಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.