ಖಬೀಬ್ ನುರ್ಮಗೊಮೆಡೊವ್ ನಿಜವಾಗ್ಲೂ ಹೆಸರಿಗೆ ತಕ್ಕ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಫೈಟರ್ ಹೌದಾ?

ಹೌದು. ಆದರೆ ಎಲ್ಲರೂ ಹೇಳುವ 29–0 (29 ಗೆಲುವು, ಒಂದೂ ಸೋಲಿಲ್ಲ) ದಾಖಲೆಗಿಂತ ಅವನು ಗೆದ್ದ ರೀತಿ ನೋಡಬೇಕು.

ಬೆಳಗಾವಿಯ ಆನಂದವಾಡಿ ಅಖಾಡದಲ್ಲಿ ಕುಸ್ತಿ ನೋಡಿದವರಿಗೆ ಖಬೀಬ್ ಆಟ ಬೇಗ ತಿಳಿಯುತ್ತದೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಕುಸ್ತಿ ಮುಗಿಯಿತು, ಹಲಗಿ ಬಾರಿಸುವುದೇ. ಎಂಎಂಎನಲ್ಲಿ ಅಸಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಖಬೀಬ್ ಎದುರಾಳಿಯನ್ನು ಅಖಾಡದ ಸುತ್ತಲಿನ ಬೇಲಿಗೆ ಒತ್ತಿ ಕೂರಿಸಿ, ತನ್ನ ಕಾಲುಗಳಿಂದ ಅವನ ಎರಡೂ ಕಾಲು ಕಟ್ಟಿಬಿಡುತ್ತಿದ್ದ. ಆಮೇಲೆ ಅವನ ಒಂದು ಮಣಿಕಟ್ಟನ್ನು ಬೆನ್ನ ಹಿಂದಿನಿಂದ ಹಿಡಿದು, ಖಾಲಿ ಇರುವ ಕೈಯಿಂದ ಗುದ್ದು. ಏಳೋಣವೆಂದರೆ ನೆಲಕ್ಕೆ ಊರಲು ಕೈಯೇ ಇಲ್ಲ! 2018ರಲ್ಲಿ ಕಾನರ್ ಮೆಕ್‌ಗ್ರೆಗರ್ ನಾಲ್ಕನೇ ಸುತ್ತಿನಲ್ಲಿ ಸೋಲೊಪ್ಪಿದ. 2019ರಲ್ಲಿ ಡಸ್ಟಿನ್ ಪೊರಿಯೆ ಮೂರನೇ ಸುತ್ತಿನಲ್ಲಿ. 2020ರಲ್ಲಿ ಜಸ್ಟಿನ್ ಗೇಚಿ ಎರಡನೇ ಸುತ್ತಿನಲ್ಲೇ ಪ್ರಜ್ಞೆ ತಪ್ಪಿದ. ಪೊರಿಯೆ, ಗೇಚಿ ಇಬ್ಬರೂ ಸುಮ್ನೆ ಬಂದವರಲ್ಲ, ಗಟ್ಟಿ ಪೈಲ್ವಾನರೇ.

ತಕರಾರು ಇಲ್ಲ ಅಂತಲ್ಲ. ಇನ್ನೊಬ್ಬ ಫೈಟರ್ ಟೋನಿ ಫರ್ಗ್ಯುಸನ್ ಜೊತೆ ಐದು ಸಲ ಪಂದ್ಯ ನಿಗದಿಯಾಗಿ ಐದೂ ಸಲ ರದ್ದಾಯಿತು. ಒಮ್ಮೆಯಂತೂ ತೂಕ ಇಳಿಸಲು ಹೋಗಿ ಖಬೀಬ್ ಆಸ್ಪತ್ರೆ ಸೇರಿದ್ದ. 2012ರಲ್ಲಿ ಗ್ಲೀಸನ್ ಟಿಬಾವ್ ವಿರುದ್ಧದ ಪಂದ್ಯದಲ್ಲಿ ಖಬೀಬ್ ಗೆದ್ದನೆಂದು ಬಂದ ತೀರ್ಪನ್ನು ಹಲವರು ಈಗಲೂ ಒಪ್ಪುವುದಿಲ್ಲ. ಇನ್ನು, ಎಂಎಂಎಯ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯ ಪಟ್ಟ ಉಳಿಸಿಕೊಂಡದ್ದು ಮೂರೇ ಸಲ. ಬೇರೆ ತೂಕದ ಯುಎಫ್‌ಸಿ ಚಾಂಪಿಯನ್ ಡಿಮಿಟ್ರಿಯಸ್ ಜಾನ್ಸನ್ ಸತತ 11 ಸಲ ಉಳಿಸಿಕೊಂಡಿದ್ದ. ಹಾಗಾಗಿ ಲೈಟ್‌ವೇಟ್ ಎಂಬ ತನ್ನ ತೂಕದ ವಿಭಾಗದಲ್ಲಿ ಖಬೀಬ್‌ನೇ ದೊಡ್ಡವನು ಎಂದರೆ ಒಪ್ಪುತ್ತೇನೆ. ಎಲ್ಲ ತೂಕದಲ್ಲೂ, ಎಲ್ಲ ಕಾಲಕ್ಕೂ ಅಂದರೆ ಸ್ವಲ್ಪ ಜಾಸ್ತಿ ಆಯಿತು, ಅಲ್ವಾ?