ಆಡ್ಯಾಸಿಟಿ ಅಂದರೆ ಧೈರ್ಯ ತಾನೆ? ನಮ್ಮ ಸರ್ ಬೀಳ್ಕೊಡುಗೆ ಭಾಷಣದಲ್ಲಿ ಬಳಸಬಹುದಾ? ಇಲ್ಲದಿದ್ದರೆ ಅದಕ್ಕೆ ಸರಿಯಾದ ಕನ್ನಡ ಪದ ಒಂದೇ ಒಂದು ಹೇಳಿ.

ಬೇಡ್ರಿ. “ಮೇಲಧಿಕಾರಿಗಳನ್ನು ಪ್ರಶ್ನೆ ಮಾಡುವ ಆಡ್ಯಾಸಿಟಿ ನಮ್ಮ ಸರ್‌ಗೆ ಮಾತ್ರ ಇತ್ತು” ಅಂತ ಬರೆದುಕೊಂಡಿದ್ದೀರಲ್ಲ, ಆ ಸಾಲನ್ನು ಮೊದಲು ಹೊಡೆದುಹಾಕಿ. ಹೆಚ್ಚುಕಡಿಮೆ ಇದೇ ಸಾಲನ್ನು ನಾನು ಒಮ್ಮೆ ಮೇಲ್‌ನಲ್ಲಿ ಬರೆದು ಕಳಿಸಿದವನು.

ಆಗ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದೆ. ಪುಣೆಯ ಗಿರಾಕಿಗೆ ಕಳಿಸಿದ 60 ಕಾಸ್ಟಿಂಗ್, ಅಂದರೆ ಎರಕದ ಭಾಗಗಳು, ವಾಪಸ್ ಬಂದವು. ಬೋರ್ ಹೊಡೆದರೂ ಒಳಗೆ ಎರಕದ ಕಪ್ಪು ಪದರ ಉಳಿಯುತ್ತಿತ್ತು. ಎರಡು ವಾರ ಬೈಸಿಕೊಂಡೆವು. ಕೊನೆಗೆ ಅಲ್ಲಿನ ಹಿರಿಯ ಎಂಜಿನಿಯರ್ ತಾವೇ ಮೇಲ್ ಬರೆದರು: ಮಷಿನಿಂಗ್ ಅಲವನ್ಸ್ (ಆಮೇಲೆ ಕೊರೆದು ತೆಗೆಯಲೆಂದು ಬಿಡುವ ಹೆಚ್ಚಿನ ದಪ್ಪ) 3 ಮಿಮೀ ಇರಬೇಕಿತ್ತು, ಡ್ರಾಯಿಂಗ್‌ನಲ್ಲಿ 1 ಅಂತ ಬಿದ್ದಿದೆ, ತಪ್ಪು ನಮ್ಮದೇ. ಗಿರಾಕಿ ಹೀಗೆ ಬರೆಯೋದು ಫೌಂಡ್ರಿ ಲೈನಿನಲ್ಲಿ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ನನಗೆ ಕಣ್ಣು ತುಂಬಿ ಬಂತು. ಉತ್ತರ ಬರೆದೆ: “ವಿ ಅಪ್ರಿಷಿಯೇಟ್ ದಟ್ ಯು ಹ್ಯಾಡ್ ದ ಆಡ್ಯಾಸಿಟಿ ಟು ಅಡ್ಮಿಟ್ ದ ಮಿಸ್ಟೇಕ್.” ಸಿಸಿಯಲ್ಲಿ ಅವರ ಮ್ಯಾನೇಜರ್, ನಮ್ಮ ಮಾಲಕರು, ಎಲ್ಲರೂ.

ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮೊದಲು ಬರೆದದ್ದು ‘ಕರೇಜ್’ ಅಂತಲೇ. ಅಳಿಸಿದೆ. ಕರೇಜ್ ಅಂದರೆ ಏಳನೇತ್ತೆ ಪ್ರಬಂಧದ ಹಾಗೆ ಕಂಡಿತು, ತೂಕ ಸಾಲಲಿಲ್ಲ. ಫೋನಿನ ನಿಘಂಟು ತೆಗೆದೆ. ಮೊದಲ ಸಾಲಲ್ಲಿ ‘ದಿಟ್ಟತನ, ಎದೆಗಾರಿಕೆ’ ಅಂತಿತ್ತು. ಅಷ್ಟು ಸಾಕಾಯಿತು. ಹೆಬ್ಬೆರಳು ಇನ್ನೊಂದಿಷ್ಟು ಮೇಲೆ ಸರಿಸಿದ್ದರೆ ಎರಡನೇ ಸಾಲು ಕಾಣುತ್ತಿತ್ತು: ‘ಉದ್ಧಟತನ, ಸೊಕ್ಕು’. ಸರಿಸಲಿಲ್ಲ. ಊಟದ ಬೆಲ್ ಬೇರೆ ಹೊಡೆದಿತ್ತು. ಸೆಂಡ್ ಒತ್ತಿ ಎದ್ದೆ.

ಉಂಡು ಬರೋದರೊಳಗೆ ಮಾಲಕರ ಕರೆ. “ಏನ್ ಬರದೀಪಾ ಇದು? ತಪ್ಪ ಮಾಡಿ ಮ್ಯಾಲ ಒಪ್ಪಕೊಳ್ಳೂವಷ್ಟು ಸೊಕ್ಕ ಐತಿ ನಿಮಗ, ಭಾರಿ ಮೆಚ್ಚಿದ್ವಿ ಅಂದಂಗಾತಲ್ಲೋ!” ಪುಣೆಯ ಮ್ಯಾನೇಜರ್ ಆಗಲೇ ಫೋನ್ ಮಾಡಿದ್ದರಂತೆ. ಅವತ್ತೇ ರಾತ್ರಿ ಪುಣೆ ಬಸ್ಸಿಗೆ ನನ್ನನ್ನು ಹತ್ತಿಸಿದರು, ಕೈಯಲ್ಲಿ ಎರಡು ಕೆಜಿ ಕುಂದಾ. ಆ ವರ್ಷದ ಇನ್‌ಕ್ರಿಮೆಂಟ್ ಮರೆತುಬಿಡಿ.

ಕುಂದಾದ ಪೆಟ್ಟಿಗೆ ಬಿಚ್ಚುತ್ತ ಆ ಎಂಜಿನಿಯರ್ ಕೇಳಿದ್ದು ಒಂದೇ ಮಾತು: “ತುಲಾ ಧಾಡಸ್ ಮ್ಹಣಾಯಚಂ ಹೋತಂ ನಾ?” ನೀನು ಹೇಳಬೇಕಂತಿದ್ದದ್ದು ಧಾಡಸ್ ತಾನೆ, ಅಂತ. ನಮ್ಮ ಕಡೆಯೂ ಧಾಡಸಿ ಮನುಷ್ಯಾ ಅಂತೀವಲ್ಲ, ಅದೇ. ಕೇಳೋದಕ್ಕೆ ಆಡ್ಯಾಸಿಟಿಯ ತಮ್ಮನ ಹಾಗಿದ್ದರೂ ಎರಡಕ್ಕೂ ಬಾದರಾಯಣ ಸಂಬಂಧ. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ಔಡೇರೆ’, ಅಂದರೆ ಎದೆಗೊಡು, ಧೈರ್ಯ ಮಾಡು. ಮೂಲದಲ್ಲಿ ಸೊಕ್ಕಿಲ್ಲ.

ಸರಿಯಾದ ಕನ್ನಡ ಪದ ಒಂದೇ ಒಂದು ಹೇಳಿ ಅಂತ ನೀವು ಕೇಳಿದ್ದೇ ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ‘ಧೈರ್ಯ’ವೇ ಎರಡೂ ಕೆಲಸ ಮಾಡುತ್ತದೆ. “ಹುಡುಗಿ ಧೈರ್ಯಸ್ಥೆ” ಅಂದರೆ ಹೊಗಳಿಕೆ. “ನನ್ನ ಮುಂದ ಬೀಡಿ ಸೇದ್ತಿ, ಎಷ್ಟ್ ಧೈರ್ಯ ಲೇ ನಿನಗ?” ಅಂದರೆ ಕಪಾಳಕ್ಕೆ ಬೀಳುವ ಮೊದಲಿನ ಮಾತು. ನಾವು ದನಿಯಲ್ಲಿ ತೋರಿಸುವುದನ್ನು ಇಂಗ್ಲಿಷಿನವರು ವಾಕ್ಯದ ಜೋಡಣೆಯಲ್ಲಿ ತೋರಿಸುತ್ತಾರೆ. ‘ಹ್ಯಾಡ್ ದ ಆಡ್ಯಾಸಿಟಿ ಟು’ ಅಂತ ಬಂತೋ, ನೂರಕ್ಕೆ ತೊಂಬತ್ತು ಸಲ ಅದು ಬೈಗುಳವೇ. ಮನುಷ್ಯನನ್ನು ಬಿಟ್ಟು ಕೆಲಸಕ್ಕೆ ಅಂಟಿಸಿದರೆ ಮೆಚ್ಚುಗೆ: ನಡುವೆ ಒಂದೂ ಕಂಬವಿಲ್ಲದೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ನಿಲ್ಲಿಸಿದ ಗೋಳಗುಮ್ಮಟದ ಕಟ್ಟೋಣವನ್ನು ‘ಆಡೇಷಸ್’ (ಆಡ್ಯಾಸಿಟಿಯದೇ ಗುಣವಾಚಕ ರೂಪ) ಅಂದರೆ ಯಾರೂ ಸಿಟ್ಟಾಗುವುದಿಲ್ಲ.

ಯಾರು ಹೇಳುತ್ತಾರೆ ಅನ್ನೋದೂ ಇದೆ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಕಂಪನಿಯವರ ಬಾಯಲ್ಲಿ ಚೆನ್ನಮ್ಮನದು ಆಡ್ಯಾಸಿಟಿ, ನಮ್ಮ ಬಾಯಲ್ಲಿ ಕೆಚ್ಚು. ನಿಮ್ಮ ಸರ್ ಪ್ರಶ್ನೆ ಮಾಡಿದ್ದು ಮೇಲಧಿಕಾರಿಗಳನ್ನು, ಅವರೂ ವೇದಿಕೆ ಮೇಲೆ ಕೂತಿರುತ್ತಾರೆ. ನೀವು ಯಾರ ಬಾಯಿಂದ ಮಾತಾಡುತ್ತಿದ್ದೀರಿ ನೋಡಿಕೊಳ್ಳಿ.

ಇಂಗ್ಲಿಷೇ ಬೇಕಂದರೆ ಕರೇಜ್ ಅಂತ ಬರೆಯಿರಿ, ಏಳನೇತ್ತೆಯ ಹಾಗಿದ್ದರೂ ಇರಲಿ. ನನ್ನ ಕೇಳಿದರೆ ಕನ್ನಡದಲ್ಲೇ “ಮೇಲಿನವರ ಮುಂದೆ ಎದೆ ಸೆಟೆಸಿ ನಿಂತವರು ನಮ್ಮ ಸರ್ ಒಬ್ಬರೇ” ಅನ್ನಿ, ಚಪ್ಪಾಳೆ ಬಿದ್ದೇ ಬೀಳುತ್ತದೆ. ನನ್ನ ಮೇಲ್‌ಗಳಂತೂ ಮುಂದೆ ಒಂದು ವರ್ಷ, ಬರೀ ‘ನೋಟೆಡ್ ಸರ್’ ಅಂತಿದ್ದರೂ, ಮಾಲಕರು ಚಷ್ಮಾ ಹಾಕಿಕೊಂಡು ಓದಿದ ಮೇಲೆಯೇ ಹೊರಗೆ ಹೋಗುತ್ತಿದ್ದವು.