ಡಂಡೀಗೆ ಬಂದು ಸಣ್ಣ ಕ್ಲಬ್ಬಿನ ಬೆನ್ನು ಹಿಡಿಯುವವರಿಗೆ

ಸೆಪ್ಟೆಂಬರಿನಲ್ಲಿ ಓದಲು ಸ್ಕಾಟ್ಲೆಂಡಿನ ಡಂಡೀಗೆ ಬರುತ್ತಿದ್ದೇನೆ, ಬೆಂಗಳೂರಲ್ಲಿ ಕಂಠೀರವಕ್ಕೆ ಹೋಗಿ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಫುಟ್ಬಾಲ್ ಪಂದ್ಯ ನೋಡಿ ರೂಢಿ, ಅಲ್ಲಿ ಸೆಲ್ಟಿಕ್–ರೇಂಜರ್ಸ್‌ನಂಥ ದೊಡ್ಡ ಕ್ಲಬ್ಬು ಬಿಟ್ಟು ಒಂದು ಸಣ್ಣ ಕ್ಲಬ್ಬನ್ನು ಇಡೀ ಸೀಸನ್ ಬೆಂಬಲಿಸಲು ಆಗುತ್ತಾ ಎಂದು ಕೇಳಿದ್ದೀರಿ. ಖರ್ಚು, ಚಳಿ, ಸಸ್ಯಾಹಾರ ಈ ಮೂರರ ಚಿಂತೆಯನ್ನೂ ಬರೆದಿದ್ದೀರಿ. ಖಂಡಿತ ಆಗುತ್ತೆ. ಮನೆಗೆ ಹತ್ತಿರವಿರುವ ಕ್ಲಬ್ಬನ್ನೇ ಹಿಡಿಯಬೇಕು, ಅಷ್ಟೆ. ಹೆಸರು ಚೆನ್ನಾಗಿದೆ, ಜೆರ್ಸಿ ಚೆನ್ನಾಗಿದೆ ಎಂದು ಎರಡೂವರೆ ಗಂಟೆ ದೂರದ ತಂಡ ಆರಿಸಿಕೊಂಡವರು ನವೆಂಬರಿನ ಮಂಗಳವಾರ ರಾತ್ರಿ ಪಂದ್ಯ ಬಿದ್ದಾಗ ಹೋಗೋದೇ ಇಲ್ಲ. ಹೋಗದಿದ್ದರೆ ಆ ತಂಡ ಫೋನಿನಲ್ಲಿ ಕಾಣುವ ಒಂದು ಸ್ಕೋರ್ ಆಗಿ ಉಳಿಯುತ್ತದೆ.

ಡಂಡೀಯಲ್ಲೇ ಎರಡು ಕ್ಲಬ್ಬುಗಳಿವೆ, ಡಂಡೀ ಮತ್ತು ಡಂಡೀ ಯುನೈಟೆಡ್. ಎರಡರ ಮೈದಾನವೂ ಒಂದೇ ರಸ್ತೆಯಲ್ಲಿ, ಕೂಗಳತೆ ದೂರದಲ್ಲಿವೆ. ಆದರೆ ನೀವು ಕೇಳಿದ್ದು ಸಣ್ಣ ಕ್ಲಬ್ಬು. ಅದಕ್ಕೆ ಪಕ್ಕದ ಆ್ಯಂಗಸ್ ಸೀಮೆಯಷ್ಟು ಒಳ್ಳೆಯ ಜಾಗ ಸ್ಕಾಟ್ಲೆಂಡಿನಲ್ಲಿ ಕಡಿಮೆ: ಆರ್ಬ್ರೋತ್, ಮಾಂಟ್ರೋಸ್, ಫೋರ್ಫರ್, ಬ್ರೆಚಿನ್ ಎಂಬ ನಾಲ್ಕು ಪುಟ್ಟ ಊರುಗಳಿಗೂ ಒಂದೊಂದು ಹಳೆಯ ಕ್ಲಬ್ಬಿದೆ. ಫೋರ್ಫರ್, ಬ್ರೆಚಿನ್‌ಗೆ ರೈಲಿಲ್ಲ, ಬಸ್ಸೇ ಗತಿ. ಆರ್ಬ್ರೋತ್ ಮತ್ತು ಮಾಂಟ್ರೋಸ್ ಎರಡೂ ಅಬರ್ಡೀನ್ ಕಡೆ ಹೋಗುವ ರೈಲಿನ ದಾರಿಯಲ್ಲಿವೆ. ಡಂಡೀಯಿಂದ ಆರ್ಬ್ರೋತ್ 17 ಮೈಲಿ, ರೈಲಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಸ್ಟೇಷನ್ನಿನಿಂದ ಗೇಫೀಲ್ಡ್ ಮೈದಾನಕ್ಕೆ ಆರಾಮಾಗಿ ನಡೆದುಕೊಂಡು ಹೋಗಬಹುದು. ನಿಮಗೆ ನನ್ನ ಶಿಫಾರಸು ಆರ್ಬ್ರೋತೇ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ನಿಮಗಿನ್ನೂ 22 ತುಂಬಿಲ್ಲದಿದ್ದರೆ ಸ್ಕಾಟ್ಲೆಂಡಿನೊಳಗೆ ಬಸ್ಸು ಪೂರ್ತಿ ಉಚಿತ. ಆದರೆ ಅದಕ್ಕೆ ಬೇಕಾದ ಕಾರ್ಡಿಗೆ ಇಲ್ಲಿನ ವಿಳಾಸದ ಪುರಾವೆ ಕೊಡಬೇಕು, ಬಂದ ವಾರವೇ ಅರ್ಜಿ ಹಾಕಿ.

ಇಲ್ಲಿನ ಲೀಗಿನ ಕಟ್ಟಡ ಅರ್ಥವಾಗದೆ ಸೀಸನ್ನಿನ ರುಚಿ ಹತ್ತುವುದಿಲ್ಲ. ಒಟ್ಟು 42 ಕ್ಲಬ್ಬು. ಮೇಲೆ ಪ್ರೀಮಿಯರ್‌ಶಿಪ್‌ನಲ್ಲಿ 12, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂದು ತಲಾ ಹತ್ತು. ಹತ್ತು ತಂಡದ ಲೀಗಿನಲ್ಲಿ ಪ್ರತಿ ಎದುರಾಳಿಯ ಜೊತೆ ನಾಲ್ಕು ಸಲ ಆಡಬೇಕು, ಹೀಗೆ 36 ಪಂದ್ಯ, 18 ತವರಲ್ಲಿ. ಅದೇ ಮುಖ ನಾಲ್ಕು ಸಲ ನೋಡುವುದು ಬೇಸರ ಎಂದು ಹೊರಗಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆಗಸ್ಟಿನಲ್ಲಿ ನಮ್ಮ ಡಿಫೆಂಡರನ್ನು ಬೆವರಿಳಿಸಿದ ವಿಂಗರನ್ನು ಮಾರ್ಚಿನಲ್ಲಿ ಹೇಗೆ ಕಟ್ಟಿಹಾಕಿದರು ಎಂದು ನೋಡುವ ಸುಖ ಬೇರೆ ಕಡೆ ಸಿಗದು. ಮೊದಲ ಸ್ಥಾನಕ್ಕೆ ನೇರ ಬಡ್ತಿ. ಎರಡು, ಮೂರು, ನಾಲ್ಕನೇ ಸ್ಥಾನದವರು ಮೇಲಿನ ಲೀಗಿನ ಒಂಬತ್ತನೆಯ (ಮೇಲಿನದು ಪ್ರೀಮಿಯರ್‌ಶಿಪ್ ಆದರೆ ಹನ್ನೊಂದನೆಯ) ತಂಡದ ಜೊತೆ ಪ್ಲೇಆಫ್, ಅಂದರೆ ಬಡ್ತಿ ತೀರ್ಮಾನಿಸುವ ಹೆಚ್ಚುವರಿ ಪಂದ್ಯ ಆಡುತ್ತಾರೆ. ಹತ್ತನೆಯದು ನೇರ ಕೆಳಕ್ಕೆ. ಲೀಗ್ ಟೂನಲ್ಲಿ ಮಾತ್ರ ಕೊನೆಯ ಸ್ಥಾನ ಬಂದರೆ ಕೆಳಗಿನ ಪ್ರಾದೇಶಿಕ ಲೀಗುಗಳಾದ ಹೈಲ್ಯಾಂಡ್ ಅಥವಾ ಲೋಲ್ಯಾಂಡ್ ಲೀಗಿನಿಂದ ಗೆದ್ದು ಬಂದ ಕ್ಲಬ್ಬಿನ ಎದುರು ಪ್ಲೇಆಫ್ ಆಡಿ ಜಾಗ ಉಳಿಸಿಕೊಳ್ಳಬೇಕು. ಹತ್ತೇ ತಂಡವಿರುವ ಪಟ್ಟಿಯಲ್ಲಿ ನಾಲ್ಕು ಮೇಲಕ್ಕೆ ಕಣ್ಣಿಟ್ಟಿರುತ್ತವೆ, ಎರಡು ಕೆಳಗೆ ಜಾರದಂತೆ ಒದ್ದಾಡುತ್ತಿರುತ್ತವೆ. ಹಾಗಾಗಿ ಏಪ್ರಿಲ್ ತಿಂಗಳಲ್ಲೂ ಲೆಕ್ಕಕ್ಕಿಲ್ಲದ ಪಂದ್ಯ ಅಪರೂಪ.

ಏರಿಳಿತ ಎಷ್ಟು ಕಠಿಣ ಎಂಬುದಕ್ಕೆ ಪಕ್ಕದ ಬ್ರೆಚಿನ್ ಇದೆ. 2017–18ರಲ್ಲಿ ಚಾಂಪಿಯನ್‌ಶಿಪ್‌ನಲ್ಲಿ 36 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ, ನಾಲ್ಕು ಡ್ರಾದಿಂದ ನಾಲ್ಕು ಅಂಕ. ಮರುವರ್ಷ ಮತ್ತೆ ಹಿಂಬಡ್ತಿ, 2021ರಲ್ಲಿ ಕೆಲ್ಟಿ ಹಾರ್ಟ್ಸ್ ಎದುರು ಪ್ಲೇಆಫ್ ಸೋತು ಹೈಲ್ಯಾಂಡ್ ಲೀಗಿಗೆ. ಆರ್ಬ್ರೋತ್ ಇನ್ನೊಂದು ತುದಿ: ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಆಟಗಾರರನ್ನೇ ಕಟ್ಟಿಕೊಂಡು 2021–22ರಲ್ಲಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಪ್ಲೇಆಫ್‌ನಲ್ಲಿ ಇನ್ವರ್ನೆಸ್ ಎದುರು ಪೆನಾಲ್ಟಿಯಲ್ಲಿ ಸೋತಿತು. 2024ರಲ್ಲಿ ಕೆಳಗಿಳಿದು, 2025ರಲ್ಲಿ ಲೀಗ್ ಒನ್ ಗೆದ್ದು ಮತ್ತೆ ಮೇಲೆ ಬಂತು.

ಸೀಸನ್ ನಿಜವಾಗಿ ಶುರುವಾಗುವುದು ಜುಲೈ ಮಧ್ಯದಲ್ಲಿ, ಲೀಗ್ ಕಪ್ಪಿನ ಗುಂಪು ಹಂತದಿಂದ. ಇಲ್ಲೊಂದು ವಿಶೇಷ ನಿಯಮವಿದೆ: 90 ನಿಮಿಷಕ್ಕೆ ಸಮವಾದರೆ ಇಬ್ಬರಿಗೂ ಒಂದೊಂದು ಅಂಕ, ಮೇಲೆ ಪೆನಾಲ್ಟಿ ಶೂಟೌಟ್, ಅದರಲ್ಲಿ ಗೆದ್ದವರಿಗೆ ಇನ್ನೊಂದು. ಇದು ಗೊತ್ತಿಲ್ಲದೆ ಹೊಸಬರು ಸೀಟಿ ಊದಿದ ಕೂಡಲೇ ಎದ್ದು ಹೊರಡುತ್ತಾರೆ. ಲೀಗ್ ಆಗಸ್ಟ್ ಮೊದಲಲ್ಲಿ ಶುರು, ಮೇ ಮೊದಲಲ್ಲಿ ಮುಕ್ತಾಯ, ಆಮೇಲೆ ಪ್ಲೇಆಫ್. ನಡುವೆ ಚಾಲೆಂಜ್ ಕಪ್, ಸ್ಕಾಟಿಷ್ ಕಪ್. ಪ್ರೀಮಿಯರ್‌ಶಿಪ್ ತಂಡಗಳು ಸ್ಕಾಟಿಷ್ ಕಪ್ಪಿಗೆ ಇಳಿಯುವುದು ಜನವರಿಯ ನಾಲ್ಕನೇ ಸುತ್ತಿನಲ್ಲಿ. ಅಲ್ಲಿಯವರೆಗೆ ಉಳಿದ ಸಣ್ಣ ಕ್ಲಬ್ಬಿಗೆ ಚೀಟಿ ಎತ್ತಿದಾಗ ದೊಡ್ಡ ತಂಡ ಬಿದ್ದರೆ ಒಂದೇ ದಿನದ ಗೇಟಿನ ಹಣ (ಟಿಕೆಟ್ ಮಾರಿ ಬಂದದ್ದು) ತಿಂಗಳುಗಳ ಖರ್ಚು ನೀಗಿಸುತ್ತದೆ. ಆ ಕಪ್ಪಿನಲ್ಲಿ ಗೇಟಿನ ಹಣ ಇಬ್ಬರಿಗೂ ಹಂಚಿಕೆ. ಲೀಗ್ ಪಂದ್ಯದಲ್ಲಿ ಹಾಗಲ್ಲ, ಪೂರಾ ತವರು ಕ್ಲಬ್ಬಿಗೇ ಸೇರುತ್ತದೆ. ಹಾಗಾಗಿ ನೀವು ಕೊಡುವ ಪ್ರತಿ ಪೌಂಡೂ ಲೆಕ್ಕಕ್ಕೆ ಬರುವುದು ತವರಿನ ಲೀಗ್ ಪಂದ್ಯದಲ್ಲಿ.

ಇನ್ನು ಖರ್ಚು. ಈ ಮಟ್ಟಗಳಲ್ಲಿ ದೊಡ್ಡವರ ಟಿಕೆಟ್ ಸುಮಾರು 15ರಿಂದ 22 ಪೌಂಡ್. ವಿದ್ಯಾರ್ಥಿ ರಿಯಾಯಿತಿ ಎಲ್ಲ ಕಡೆ ಇಲ್ಲ. ಇದ್ದಲ್ಲಿ ಕಾಲೇಜಿನ ಐಡಿ ತೋರಿಸಬೇಕು. ಸೀಸನ್ ಟಿಕೆಟ್ ಕೊಳ್ಳುವ ಮುಂಚೆ ಅದರ ಬೆಲೆಯನ್ನು ಒಂದು ಪಂದ್ಯದ ಬೆಲೆಯಿಂದ ಭಾಗಿಸಿ. ಉತ್ತರ 13 ಬಂದರೆ 18ರಲ್ಲಿ 13 ಪಂದ್ಯಕ್ಕಾದರೂ ಹೋಗುವ ಖಾತ್ರಿ ಇರಬೇಕು. ಸಾಮಾನ್ಯವಾಗಿ ಅದರಲ್ಲಿ ಕಪ್ ಪಂದ್ಯಗಳು ಸೇರಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ನಿಮಗೆ ಆಗಲೇ ಕೆಲವು ಪಂದ್ಯ ಕಳೆದಿರುತ್ತವೆ, ಜೊತೆಗೆ ಪರೀಕ್ಷೆ ಬೇರೆ. ಡಿಸೆಂಬರಿನವರೆಗೆ ಬಿಡಿ ಟಿಕೆಟ್ಟಿನಲ್ಲೇ ಹೋಗಿ. ಆಮೇಲೆ ಅರ್ಧ ಸೀಸನ್ನಿನ ಟಿಕೆಟ್ ಮಾರುತ್ತಾರಾ ಎಂದು ಕ್ಲಬ್ಬಿನಲ್ಲಿ ವಿಚಾರಿಸಿ. ಒಳಗೆ ಬಿಡುವ ತಿರುಗು ಗೇಟಿನಲ್ಲಿ (ಟರ್ನ್‌ಸ್ಟೈಲ್) ಕೆಲವು ಕಡೆ ಕಾರ್ಡ್ ಮಾತ್ರ, ಕೆಲವು ಕಡೆ ನಗದು ಮಾತ್ರ. ಎರಡೂ ಜೇಬಿನಲ್ಲಿರಲಿ.

ಚಳಿ ವಿಷಯಕ್ಕೆ ಬರೋಣ. ಜನ ಒಂದೇ ಪಂದ್ಯಕ್ಕೆ ಕೈಬಿಡುವುದು ಇದರಿಂದಲೇ. ಗೇಫೀಲ್ಡಿನ ಗೋಡೆಯಾಚೆ ಸೀದಾ ಉತ್ತರ ಸಮುದ್ರ. ಅಲೆ ಜೋರಿದ್ದ ದಿನ ಉಪ್ಪುನೀರಿನ ಹನಿ ಒಳಗೇ ಬಂದು ಬೀಳುತ್ತದೆ. ಇಲ್ಲಿನ ಸಮಸ್ಯೆ ಥರ್ಮಾಮೀಟರಿನ ಅಂಕೆಯಲ್ಲ, ಗಾಳಿ. ನಾಲ್ಕು ಡಿಗ್ರಿಯೂ ಗಾಳಿಯಲ್ಲಿ ಸೊನ್ನೆಗಿಂತ ಕೆಳಗಿದ್ದಂತೆ ಕೊರೆಯುತ್ತದೆ. ಒಂದು ದಪ್ಪ ಸ್ವೆಟರಿಗಿಂತ ಮೂರು ಪದರ ಮೇಲು: ಮೈಗೆ ಅಂಟುವ ಥರ್ಮಲ್, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಟೋಪಿ ಇರುವ ನೀರು ತಡೆಯುವ ಜಾಕೆಟ್. ಜೀನ್ಸ್ ಬೇಡ, ಒದ್ದೆಯಾದರೆ ಮನೆ ಮುಟ್ಟುವವರೆಗೂ ಒಣಗದು. ಕೊಡೆ ತರಲೇಬೇಡಿ, ಹಿಂದಿನವರಿಗೆ ಅಡ್ಡ, ಗಾಳಿಗೆ ಎರಡು ನಿಮಿಷದಲ್ಲಿ ಕಡ್ಡಿ ಮುರಿಯುತ್ತದೆ. ಹೆಚ್ಚಿನವರು ಮರೆಯುವುದು ಕಾಲನ್ನು. ನಿಂತು ನೋಡುವ ಕಾಂಕ್ರೀಟ್ ಮೆಟ್ಟಿಲು ಎರಡು ಗಂಟೆ ಹೊತ್ತು ಪಾದದ ಶಾಖವನ್ನು ಹೀರುತ್ತಲೇ ಇರುತ್ತದೆ. ದಪ್ಪ ಅಟ್ಟೆಯ ಬೂಟು, ಒಂದು ತೆಳು ಕಾಲುಚೀಲದ ಮೇಲೆ ಒಂದು ಉಣ್ಣೆಯದು. ಆದರೆ ಬೂಟು ಬಿಗಿಯಾಗಬಾರದು, ರಕ್ತ ಓಡದಿದ್ದರೆ ಎಷ್ಟು ಉಣ್ಣೆ ಹಾಕಿದರೂ ಬೆರಳು ಮರಗಟ್ಟುತ್ತದೆ. ಒಂದು ತುಂಡು ರಟ್ಟು ತಂದು ಕಾಲಡಿ ಹಾಕಿಕೊಂಡು ನಿಂತರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಮೂರಕ್ಕೆ ಶುರುವಾದ ಪಂದ್ಯದ ದ್ವಿತೀಯಾರ್ಧವೆಲ್ಲ ದೀಪದ ಬೆಳಕಲ್ಲಿ. ಮಧ್ಯಾಹ್ನದ ಬಿಸಿಲು ನೋಡಿ ಬಟ್ಟೆ ನಿರ್ಧರಿಸಬೇಡಿ.

ಗಾಳಿ ಆಟವನ್ನೂ ನಡೆಸುತ್ತದೆ. ಟಾಸ್ ಆದ ಕೂಡಲೇ ಯಾರಿಗೆ ಗಾಳಿ ಬೆನ್ನಿಗಿದೆ ನೋಡಿ. ಬೆನ್ನಿಗಿದ್ದರೆ ಉದ್ದ ಪಾಸು ಸ್ಟ್ರೈಕರನ್ನು ದಾಟಿ ಗೆರೆಯಾಚೆ ಓಡುತ್ತದೆ. ಎದುರಿಗಿದ್ದರೆ ಗೋಲ್‌ಕೀಪರ್ ಒದ್ದ ಚೆಂಡು ಅರ್ಧಕ್ಕೇ ನಿಂತು ಹಿಂದಕ್ಕೆ ತಿರುಗುತ್ತದೆ. ಗಾಳಿಗೆ ಎದುರಾಗಿ ನೆಲಕ್ಕಂಟಿ ಆಡಬಲ್ಲ ತಂಡವೇ ಅಲ್ಲಿ ಒಳ್ಳೆಯ ತಂಡ. ಎರಡೂ ತಂಡದ ಅಭಿಮಾನಿಗಳನ್ನು ಬೇರೆ ಬೇರೆ ನಿಲ್ಲಿಸದ ದಿನಗಳಲ್ಲಿ ಅವರು ವಿರಾಮದಲ್ಲಿ ಸುತ್ತು ಹಾಕಿ, ತಮ್ಮ ತಂಡ ದಾಳಿ ಮಾಡುವ ಗೋಲಿನ ಹಿಂದಕ್ಕೆ ಹೋಗಿ ನಿಲ್ಲುತ್ತಾರೆ. ನೀವೂ ಹೋಗಿ, ಪರಿಚಯಗಳು ಆ ನಡಿಗೆಯಲ್ಲೇ ಆಗುತ್ತವೆ.

ಗೇಫೀಲ್ಡ್ ಹುಲ್ಲಿನ ಮೈದಾನ. ಮಾಂಟ್ರೋಸ್, ಫೋರ್ಫರ್‌ನಲ್ಲಿ ಕೃತಕ ಹುಲ್ಲು. ಹುಲ್ಲು ಹೆಪ್ಪುಗಟ್ಟಿದರೆ ಅಥವಾ ನೀರು ನಿಂತರೆ ರೆಫರಿ ಬೆಳಿಗ್ಗೆ ಬಂದು ನೋಡಿ ಪಂದ್ಯ ಮುಂದೂಡುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಕ್ಲಬ್ಬಿನ ಪ್ರಕಟಣೆ ನೋಡದೆ ರೈಲು ಹತ್ತಬೇಡಿ. ಮುಂದೂಡಿದ ಪಂದ್ಯ ಹೆಚ್ಚಾಗಿ ಮಂಗಳವಾರ ರಾತ್ರಿ ಏಳೂಮುಕ್ಕಾಲಿಗೆ ಬೀಳುತ್ತದೆ. ಮುಗಿಯುವಾಗ ಒಂಬತ್ತೂಮುಕ್ಕಾಲು, ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟಿರಿ.

ಊಟದಲ್ಲಿ ಎಚ್ಚರ ಬೇಕು. ಚಳಿಗೆ ಎಲ್ಲರ ಕೈಯಲ್ಲೂ ಹಬೆಯಾಡುವ ಕಪ್ಪು ಪಾನೀಯ ಕಾಣುತ್ತದೆ, ಅದು ಬಾವ್ರಿಲ್. ನೋಡಲು ಕಷಾಯದಂತಿದ್ದರೂ ಅದು ದನದ ಮಾಂಸದ ಸಾರ. ಕಾಫಿ ಎಂದುಕೊಂಡು ತೆಗೆದುಕೊಂಡುಬಿಡಬೇಡಿ. ಸ್ಕಾಚ್ ಪೈ ಒಳಗೆ ಕೊಚ್ಚಿದ ಮಾಂಸ, ಫೋರ್ಫರಿನ ಬ್ರೈಡಿ ಎಂಬ ಕಡುಬಿನಂಥ ತಿಂಡಿಯಲ್ಲೂ ದನದ ಮಾಂಸ. ಸಸ್ಯಾಹಾರಿಗಳ ಪಾಲಿಗೆ ಇರುವುದು ಮ್ಯಾಕರೋನಿ ಪೈ: ಗಟ್ಟಿ ಹಿಟ್ಟಿನ ಬಟ್ಟಲಲ್ಲಿ ಚೀಸ್ ಹಾಕಿದ ಮ್ಯಾಕರೋನಿ. ಪೈಗಳ ಹಿಟ್ಟಿಗೆ ಕೆಲವು ಬೇಕರಿಗಳು ಪ್ರಾಣಿಯ ಕೊಬ್ಬು ಬಳಸುತ್ತವೆ, ಕಟ್ಟುನಿಟ್ಟಿನವರಾದರೆ ಕೇಳಿಯೇ ಕೊಳ್ಳಿ. ಚಿಪ್ಸ್ ಕೂಡ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಪೈ ಬೇಕಿದ್ದರೆ ವಿರಾಮಕ್ಕೆ ಐದು ನಿಮಿಷ ಮುಂಚೆಯೇ ಸಾಲಿಗೆ ಹೋಗಿ. ಮ್ಯಾಕರೋನಿಯನ್ನು ಕಡಿಮೆ ತರಿಸುತ್ತಾರೆ, ಬೇಗ ಖಾಲಿ. ಮೀನು ತಿನ್ನುವವರಾದರೆ ಪಂದ್ಯಕ್ಕೆ ಮುಂಚೆ ಬಂದರಿನ ಹತ್ತಿರ ಆರ್ಬ್ರೋತ್ ಸ್ಮೋಕಿ ತಿನ್ನದೆ ಬರಬೇಡಿ. ಕಟ್ಟಿಗೆ ಹೊಗೆಯಲ್ಲಿ ಬೆಂದ ಹ್ಯಾಡಕ್ ಮೀನು, ಬಿಸಿಯಿದ್ದಾಗಲೇ ಕೈಯಲ್ಲಿ ಬಿಡಿಸಿ ತಿನ್ನಬೇಕು.

ಮದ್ಯ ಒಳಗೆ ತರುವಂತಿಲ್ಲ, ಕುಡಿದು ಬಂದರೆ ಬಿಡುವುದಿಲ್ಲ. 1980ರ ಸ್ಕಾಟಿಷ್ ಕಪ್ ಫೈನಲ್ ಗಲಭೆಯ ನಂತರ ಬಂದ ಕಾನೂನು ಇದು. ಅಭಿಮಾನಿಗಳನ್ನು ಪಂದ್ಯಕ್ಕೆ ಕರೆದೊಯ್ಯುವ ಬಸ್ಸಿಗೂ ಅನ್ವಯ. ಬಣ್ಣ, ಜನಾಂಗ ಹಿಡಿದು ಯಾರಾದರೂ ಹೀಯಾಳಿಸಿದರೆ ಸುಮ್ಮನಿರಬೇಡಿ, ಎದುರು ಜಗಳವೂ ಬೇಡ. ಸಮಯ, ಯಾವ ಸ್ಟ್ಯಾಂಡು, ಎಷ್ಟನೇ ಸಾಲು ಗುರುತಿಟ್ಟುಕೊಂಡು ಹತ್ತಿರದ ಸ್ಟುವರ್ಡಿಗೆ (ಮೈದಾನದ ಮೇಲ್ವಿಚಾರಣೆಯ ಸಿಬ್ಬಂದಿ) ಆಗಲೇ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಪೊಲೀಸರ 101ಕ್ಕೆ ಕರೆ ಮಾಡಿ.

ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಇಲ್ಲಿ ಟಿವಿಯಲ್ಲಿ ಫುಟ್ಬಾಲ್ ನೇರಪ್ರಸಾರಕ್ಕೆ ತಡೆಯಿದೆ, ಜನ ಮೈದಾನಕ್ಕೆ ಬರಲಿ ಎಂದೇ ಮಾಡಿದ್ದು. ಮನೆಯಲ್ಲಿ ಕೂತು ನೋಡುವ ಆಸೆ ಬಿಡಿ. ಆಟಗಾರರ ಒಪ್ಪಂದ ಇಲ್ಲಿ ಹೆಚ್ಚಾಗಿ ಒಂದೆರಡು ವರ್ಷದ್ದು. ಬೇಸಿಗೆಯಲ್ಲಿ ಅರ್ಧ ತಂಡವೇ ಬದಲಾಗಬಹುದು, ಕೆಲವರು ದೊಡ್ಡ ಕ್ಲಬ್ಬಿನಿಂದ ಎರವಲು ಬಂದು ಜನವರಿಗೇ ವಾಪಸಾಗುತ್ತಾರೆ. ಹಾಗಾಗಿ ಜೆರ್ಸಿ ಮೇಲೆ ಆಟಗಾರನ ಹೆಸರು ಹಾಕಿಸಬೇಡಿ. ಮೊದಲ ವರ್ಷಕ್ಕೆ ಒಂದು ಮರೂನ್ ಸ್ಕಾರ್ಫ್ ಸಾಕು, ಕತ್ತಿಗೂ ಬೆಚ್ಚಗೆ. ಆರ್ಬ್ರೋತಿನವರನ್ನು ರೆಡ್ ಲಿಕ್ಟೀಸ್ ಎನ್ನುತ್ತಾರೆ, ರಾತ್ರಿ ಮೀನುಗಾರರಿಗೆ ಬಂದರಿನ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರು. ಪಕ್ಕದಲ್ಲಿ ನಿಂತ ಅಜ್ಜಂದಿರು 1885ರ ಬಾನ್ ಅಕಾರ್ಡ್ ತಂಡದ ಎದುರಿನ 36–0 ಗೆಲುವಿನ ಮಾತು ತೆಗೆದೇ ತೆಗೆಯುತ್ತಾರೆ, ಕೇಳಿಸಿಕೊಳ್ಳಿ.

ಪಂದ್ಯದ ದಿನ ಕ್ಲಬ್ಬಿಗೆ ಸಹಾಯಕರು ಬೇಕೇ ಬೇಕು: ಕಾರ್ಯಕ್ರಮ ಪುಸ್ತಿಕೆ ಮಾರಲು, ಲಾಟರಿ ಚೀಟಿ ಹರಿದುಕೊಡಲು, ಹಿಮ ಬಿದ್ದ ಬೆಳಿಗ್ಗೆ ಸಲಿಕೆ ಹಿಡಿಯಲು. ಕೇಳಿದರೆ ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ. ಆದರೆ ಆಡುವುದು, ತರಬೇತಿ ಕೊಡುವುದು ಬೇರೆ ಮಾತು. ವಿದ್ಯಾರ್ಥಿ ವೀಸಾದಲ್ಲಿ ವೃತ್ತಿಪರ ಕ್ರೀಡಾಪಟು ಅಥವಾ ಕೋಚ್ ಆಗಿ ಕೆಲಸ ಮಾಡುವಂತಿಲ್ಲ, ಸಂಬಳ ಇಲ್ಲ ಎಂದ ಮಾತ್ರಕ್ಕೆ ಬಿಡುಗಡೆ ಸಿಕ್ಕಿತೆಂದೂ ಅಲ್ಲ. ಅಂಥದ್ದಕ್ಕೆ ಒಪ್ಪಿಕೊಳ್ಳುವ ಮುಂಚೆ ವಿಶ್ವವಿದ್ಯಾಲಯದ ವೀಸಾ ವಿಭಾಗದಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಹೊರಗಿನ ಪಂದ್ಯಗಳನ್ನು ಮೊದಲ ವರ್ಷ ಆ್ಯಂಗಸ್ ಮತ್ತು ಪಕ್ಕದ ಫೈಫ್ ಸೀಮೆಯ ಒಳಗೇ ಇಟ್ಟುಕೊಳ್ಳಿ. ದೂರಕ್ಕೆ ಅಭಿಮಾನಿಗಳ ಬಸ್ಸಿನಲ್ಲಿ ಸೀಟು ಹಿಡಿಯಿರಿ, ರೈಲಿಗಿಂತ ಅಗ್ಗ, ಪಂದ್ಯ ತಡವಾದರೂ ಬಿಟ್ಟು ಹೋಗುವುದಿಲ್ಲ. ಮೊದಲ ಸಲ ಗೇಫೀಲ್ಡಿಗೆ ಬರುವಾಗ ಎರಡೂಕಾಲಿಗೇ ತಲುಪಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ಆಮೇಲೆ ನಿಲ್ಲುವ ಜಾಗ ಆರಿಸಿ.